ನನ್ನ ಕಿವಿ ಒಪ್ಪಿದ ಟ್ವೀಟರು

ವಯಸ್ಸಾಗುತ್ತ ಬಂದಂತೆ ಹೆಮ್ಮೆಪಡುವುದಕ್ಕೆ ಮೈಯಲ್ಲಿ ಜಾಗ ಕಡಿಮೆಯಾಗುತ್ತ ಹೋಗುತ್ತದೆ. ನನಗೆ ಮೊದಲು ಕೂದಲು ಹೋಯಿತು, ಆಮೇಲೆ ಎರಡು ದವಡೆ ಹಲ್ಲು, ಆಮೇಲೆ ಬಲಗಡೆಯ ಮಂಡಿ. ಹೀಗೆ ಒಂದೊಂದನ್ನೇ ಬಿಟ್ಟುಕೊಡುತ್ತ ಬಂದ ನಾನು ಕೊನೆಗೆ ಗಟ್ಟಿಯಾಗಿ ಹಿಡಿದುಕೊಂಡಿದ್ದದ್ದು ನನ್ನ ಕಿವಿಗಳನ್ನು. ಮುಳಬಾಗಿಲಿನ ಹೈಸ್ಕೂಲೊಂದರಲ್ಲಿ ಗಣಿತದ ಮೇಷ್ಟ್ರು ನಾನು. ಬೋರ್ಡಿನ ಕಡೆ ಮುಖ ಮಾಡಿ ಲೆಕ್ಕ ಬರೆಯುತ್ತಿರುವಾಗಲೇ, ಹಿಂದಿನ ಬೆಂಚಿನಲ್ಲಿ ಪಿಸುಗುಟ್ಟಿದವನು ಯಾರು, ಕಡಲೆಕಾಯಿ ಸುಲಿದವನು ಯಾರು ಎಂದು ತಿರುಗಿ ನೋಡದೆ ಹೆಸರು ಹಿಡಿದು ಹೇಳುತ್ತಿದ್ದೆ. ಈಚೆಗಂತೂ ನನ್ನ ಕ್ಲಾಸು ಬಹಳ ಶಾಂತವಾಗಿಬಿಟ್ಟಿತ್ತು. ಈ ಕಾಲದ ಮಕ್ಕಳ ಶಿಸ್ತನ್ನು ನಾನು ಸ್ಟಾಫ್ ರೂಮಿನಲ್ಲಿ ಹೊಗಳಿದಾಗ ಉಳಿದ ಮೇಷ್ಟ್ರುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ಟೀ ಕುಡಿಯುತ್ತಿದ್ದರು. ಹೊಟ್ಟೆಕಿಚ್ಚು ಎಂದುಕೊಂಡೆ.

ಮನೆಯೂ ಹಾಗೇ ಶಾಂತವಾಗಿತ್ತು. ಆದರೆ ಆ ಶಾಂತಿ ನನಗೆ ಹಿಡಿಸಲಿಲ್ಲ. ನನ್ನ ಹೆಂಡತಿ ವೆಂಕಟಲಕ್ಷ್ಮಿ ಬೈರಕೂರಿನ ಕಡೆಯವಳು. ಆ ಕಡೆಯವರಂತೆ ಅವಳಿಗೂ ಎರಡು ಭಾಷೆ. ತನ್ನಷ್ಟಕ್ಕೆ ತಾನು ಮಾತಾಡಿಕೊಳ್ಳುವುದು ತೆಲುಗಿನಲ್ಲಿ, ನನ್ನ ಮೇಲೆ ರೇಗುವುದು ಕನ್ನಡದಲ್ಲಿ. ಮದುವೆಯಾದ ಹೊಸದರಿಂದಲೂ ಸಂಜೆ ರೇಡಿಯೋ ಹಾಕಿಕೊಂಡು ಇಬ್ಬರೂ ನಡುಮನೆಯಲ್ಲಿ ಕೂರುತ್ತಿದ್ದೆವು. ಅವಳ ಮಡಿಲಲ್ಲಿ ಅವರೆಕಾಯಿಯ ಮೊರ ಇರುತ್ತಿತ್ತು. ಎರಡು ಹಾಡುಗಳ ನಡುವೆ ಊರ ಸುದ್ದಿಯನ್ನೆಲ್ಲ ಹೇಳಿ ಮುಗಿಸುತ್ತಿದ್ದಳು. ಅದು ಯಾವಾಗ ನಿಂತಿತೋ ನನಗೆ ತಿಳಿಯಲೇ ಇಲ್ಲ. ಈಗ ಅವಳು ಅಡುಗೆಮನೆಯಲ್ಲಿ, ನಾನು ನಡುಮನೆಯಲ್ಲಿ. ಮುನಿಸಿರಬಹುದೇ ಎಂದು ಪರೀಕ್ಷೆ ಮಾಡಿ ನೋಡಿದೆ. ಊಟ ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ಸಾರಿನಲ್ಲಿ ಉಪ್ಪು ಹದವಾಗಿತ್ತು. ಮುನಿಸಿದ್ದರೆ ಅದು ಉಪ್ಪಿನಲ್ಲಿ ಗೊತ್ತಾಗುತ್ತದೆ. ಅವಳು ಮತ್ತೆ ಬಂದು ನನ್ನ ಪಕ್ಕದಲ್ಲಿ ಕೂರಬೇಕು, ನನಗೆ ಬೇಕಾಗಿದ್ದದ್ದು ಅಷ್ಟೆ. ಬಾಯಿಬಿಟ್ಟು ಕೇಳಬಹುದಾಗಿತ್ತು. ಆದರೆ ಇಷ್ಟು ವರ್ಷ ಸಂಸಾರ ಮಾಡಿದ ಗಂಡಸು ಅಂಥದ್ದನ್ನೆಲ್ಲ ಕೇಳುವುದಿಲ್ಲ. ಅದರ ಬದಲು ಸ್ಪೀಕರ್ ಮಾಡುವುದಕ್ಕೆ ಹೊರಡುತ್ತಾನೆ.

ಸ್ಪೀಕರ್ ಎಂದರೆ ಪೆಟ್ಟಿಗೆ ಎಂದು ನೀವು ತಿಳಿದಿರಬಹುದು. ನಾನೂ ಹಾಗೇ ತಿಳಿದಿದ್ದೆ. ಪೆಟ್ಟಿಗೆ ಬರೀ ಮರ. ಒಳಗೆ ಕೂತು ನಿಜವಾಗಿ ಸದ್ದು ಮಾಡುವ ಗುಂಡನೆಯ ಸಾಮಾನಿಗೆ ಈ ವಿದ್ಯೆಯವರು ಡ್ರೈವರ್ ಎನ್ನುತ್ತಾರೆ. ತಬಲದ ಗಂಭೀರ ದನಿಗೆ ದೊಡ್ಡದು ಒಂದು, ಅದು ವೂಫರ್. ತಾಳದ ಕಿಣಿಕಿಣಿಗೆ ಚಿಕ್ಕದು ಒಂದು, ಅದು ಟ್ವೀಟರ್. ಮೊಬೈಲಿನಲ್ಲಿ ಮೂರು ತಿಂಗಳು ವಿಡಿಯೋ ನೋಡಿ ಇಷ್ಟು ಕಲಿತೆ. ಆ ವಿಡಿಯೋಗಳಲ್ಲಿ ಪರದೇಶದ ಮಹನೀಯರು ‘ಬಡವರಿಗೂ ಎಟುಕುವಂಥದ್ದು’ ಎಂದು ತೋರಿಸಿದ ಡ್ರೈವರಿನ ಬೆಲೆಗೆ ನಮ್ಮಲ್ಲಿ ಒಂದು ಕರು ಬರುತ್ತದೆ. ಪೆಟ್ಟಿಗೆಯನ್ನಾದರೂ ಸೊಗಸಾಗಿ ಮಾಡಿಸೋಣವೆಂದು ಶ್ರೀನಿವಾಸಪುರದಿಂದ ಮಾವಿನ ಹಲಗೆ ತರಿಸುವ ಮಾತೆತ್ತಿದೆ. ನಮ್ಮ ಬೀದಿಯ ಬಡಗಿ ಕೈ ಮುಗಿದ. “ಮಾವಿನ್ದು ಬ್ಯಾಡ ಮೇಷ್ಟ್ರೇ, ಮಳೆಗಾಲಕ್ಕೆ ಒಂದ್ ಕಡೆ ಬಗ್ತದೆ, ಬ್ಯಾಸಿಗೇಗೆ ಇನ್ನೊಂದ್ ಕಡೆ ಬಗ್ತದೆ” ಎಂದು ಪ್ಲೈವುಡ್ಡಿನಲ್ಲೇ ಎರಡು ಪೆಟ್ಟಿಗೆ ಹೊಡೆದುಕೊಟ್ಟ. ಅವು ಕೋಳಿಗೂಡಿನಂತಿವೆ ಎಂದು ಯಾರೂ ಹೇಳಲಿಲ್ಲ. ಹೇಳಿದ್ದರೂ ಹೇಳಿರಬಹುದು ಎಂದು ಈಗ ಅನ್ನಿಸುತ್ತದೆ.

ಡ್ರೈವರುಗಳನ್ನು ಆರಿಸುವುದಕ್ಕೆ ಒಂದು ಭಾನುವಾರ ಬಸ್ಸು ಹತ್ತಿ ಕೋಲಾರಕ್ಕೆ ಹೋದೆ. ಅಲ್ಲಿ ಅಮ್ಜದ್ ಎಂಬವನದು ಮೈಕ್‌ಸೆಟ್ಟಿನವರಿಗೆಲ್ಲ ಸಾಮಾನು ಕೊಡುವ ಅಂಗಡಿ. ಬಹಳ ಮರ್ಯಾದೆಯ ಮನುಷ್ಯ. ವೂಫರನ್ನು ಪರೀಕ್ಷೆ ಮಾಡುವ ರೀತಿಯೇ ನೋಡುವಂಥದ್ದು. ಗೋಡೆ ಗಡಿಯಾರಕ್ಕೆ ಹಾಕುವ ಸೆಲ್ಲೊಂದನ್ನು ಜೇಬಿನಿಂದ ತೆಗೆದು, ಎರಡು ವೈರು ಹಿಡಿದು ಒಮ್ಮೆ ತಾಗಿಸುತ್ತಾನೆ. ಕಾಗದದ ಮುಖ ‘ತುಪ್’ ಎಂದು ಹಾರಬೇಕು. ಬೆರಳಿನಿಂದ ಒತ್ತಿದರೆ ಒಳಗೆ ಕರಕರ ಎನ್ನಬಾರದು. ಈ ಪರೀಕ್ಷೆಯಲ್ಲಿ ಪಾಸಾದ ಎರಡು ವೂಫರನ್ನು ಜಗಳವಿಲ್ಲದೆ ತೆಗೆದುಕೊಂಡೆ. ತಕರಾರು ಹುಟ್ಟಿದ್ದು ಟ್ವೀಟರಿನಲ್ಲಿ. ಅಮ್ಜದ್ ಎರಡು ತರಹ ತೋರಿಸಿದ. ಒಂದರಲ್ಲಿ ರೇಷ್ಮೆ ಬಟ್ಟೆಯ ಪುಟ್ಟ ಗುಮ್ಮಟ, ದುಬಾರಿ. ಇನ್ನೊಂದು ಊರಹಬ್ಬದಲ್ಲಿ ಕಂಬಕ್ಕೆ ಕಟ್ಟುವ ಜಾತಿಯದು, ರೇಷ್ಮೆಯದರ ಬೆಲೆಗೆ ಇಂಥವು ನಾಲ್ಕು ಬರುತ್ತವೆ. ಎರಡರಲ್ಲೂ ಒಂದೇ ಹಾಡು ಹಾಕಿಸಿ ಕಣ್ಣು ಮುಚ್ಚಿ ಕೇಳಿದೆ. ರೇಷ್ಮೆಯದು ಕಂಬಳಿ ಹೊದ್ದು ಹಾಡಿದಂತಿತ್ತು. ಅಗ್ಗದ್ದರಲ್ಲಿ ತಾಳ ಸ್ವಲ್ಪವಾದರೂ ಕೇಳಿಸಿತು. “ಇದೇ ಕೊಡಪ್ಪ, ನಾಲ್ಕು” ಎಂದೆ.

ಅಮ್ಜದ್ ಹಾಡನ್ನು ನಿಲ್ಲಿಸಿದ. “ಸಾರ್, ಇದು ಬಯಲಿಗೆ ಹಾಕೋದು. ಮನೇಲಿ ಹಾಕಿದ್ರೆ ಕಿವಿ ಕುಯ್ದಂಗಾಗುತ್ತೆ. ನಂಗೆ ಯಾಪಾರ ಮುಖ್ಯ ಅಲ್ಲ, ಮೇಡಂ ಬೈತಾರೆ ನಿಮ್ಗೆ” ಎಂದ.

“ನಾನು ಕಿವಿಯಿಂದ ಆರಿಸ್ತೀನಪ್ಪ, ಬೆಲೆಯಿಂದಲ್ಲ” ಎಂದು ನಾನು ಸ್ವಲ್ಪ ಗತ್ತಿನಲ್ಲೇ ಹೇಳಿದೆ. ದುಬಾರಿಯದನ್ನು ತಲೆಗೆ ಕಟ್ಟಲು ಇವನು ಹೂಡಿದ ಹೂಟ ನನ್ನ ಮುಂದೆ ನಡೆಯಲಿಲ್ಲ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಬೀಗಿದೆ. ಅಗ್ಗವಾದದ್ದೇ ಚೆನ್ನಾಗಿಯೂ ಇರುವುದು ಜೀವನದಲ್ಲಿ ಎಷ್ಟು ಸಲ ಸಿಗುತ್ತದೆ ಹೇಳಿ. ಅಂಥದ್ದು ಸಿಕ್ಕಾಗ ಅನುಮಾನ ಪಡಬೇಕೆಂದು ಗಣಿತದ ಮೇಷ್ಟ್ರಿಗೂ ಹೊಳೆಯಲಿಲ್ಲ.

ಪೆಟ್ಟಿಗೆಗೆ ಎರಡರಂತೆ ಟ್ವೀಟರ್ ಕೂರಿಸಿ, ವೆಂಕಟಲಕ್ಷ್ಮಿಗೆ ಇಷ್ಟವಾದ ಹಳೆಯ ಹಾಡನ್ನು ಹಾಕಿ ಕರೆದೆ. ಬಂದಳು. ಒದ್ದೆ ಕೈಯನ್ನು ಸೆರಗಿನಲ್ಲಿ ಒರೆಸಿಕೊಳ್ಳುತ್ತ ನನ್ನ ಪಕ್ಕದಲ್ಲೇ ಕೂತಳು. ನನಗೆ ಆದ ಸಂತೋಷವನ್ನು ಹೇಳುವುದಕ್ಕೆ ನಾಚಿಕೆಯಾಗುತ್ತದೆ. ಮೊದಲನೆಯ ಚರಣ ಮುಗಿಯುವ ಹೊತ್ತಿಗೆ ಅವಳ ಹಣೆ ಸುಕ್ಕಾಯಿತು. ಎರಡನೆಯ ಚರಣಕ್ಕೆ “ಬೇಳೆ ಸೀದೋಗುತ್ತೆ” ಎಂದು ಎದ್ದು ಹೋದಳು. ಅವತ್ತು ನಮ್ಮ ಮನೆಯಲ್ಲಿ ಬೇಳೆ ಬೇಯಿಸಿಯೇ ಇರಲಿಲ್ಲ. ಹಾಡು ಇನ್ನೂ ತಿಳಿಯಾಗಿಲ್ಲ, ಅದಕ್ಕೇ ಎದ್ದಳು ಎಂದು ನಾನು ಮತ್ತೆ ಕೋಲಾರಕ್ಕೆ ಹೋಗಿ ಇನ್ನೂ ನಾಲ್ಕು ಅಂಥದ್ದೇ ಟ್ವೀಟರ್ ತಂದು ಜೋಡಿಸಿದೆ. ಅಮ್ಜದ್ ಈ ಸಲ ಹಾಡು ಹಾಕಿ ತೋರಿಸಲೂ ಹೋಗದೆ ಕಟ್ಟಿಕೊಟ್ಟ. ಮಾರನೆಯ ದಿನ ಪಕ್ಕದ ಮನೆಯ ಮುನಿವೆಂಕಟಪ್ಪ ಹಾಲಿನ ಕ್ಯಾನು ಹಿಡಿದುಕೊಂಡೇ ಗೇಟಿನ ಹತ್ತಿರ ನಿಂತು, “ಮೇಷ್ಟ್ರೇ, ಮನೇಲಿ ಏನಾರ ಗ್ರಿಲ್ ಕುಯ್ಸೋ ಕೆಲ್ಸ ಇಟ್ಕೊಂಡಿದೀರಾ? ಹಸ ಹಾಲು ಇಳುಸ್ತಿಲ್ಲ” ಎಂದು ಬಹಳ ವಿನಯದಿಂದ ವಿಚಾರಿಸಿದ. ಸಂಗೀತದ ಗಂಧವಿಲ್ಲದವನು ಎಂದು ಮನಸ್ಸಿನಲ್ಲೇ ಕ್ಷಮಿಸಿದೆ.

ಆದರೂ ಎಲ್ಲೋ ತಪ್ಪಾಗಿದೆ ಎನ್ನಿಸಿತು. ಮೊಬೈಲಿನಲ್ಲಿ ಸ್ಪೀಕರ್ ಪರೀಕ್ಷೆಗೆಂದೇ ಒಂದು ಸದ್ದು ಸಿಗುತ್ತದೆ; ಗುಂಯ್ ಎಂಬ ಕೆಳದನಿಯಲ್ಲಿ ಶುರುವಾಗಿ ಮೆಲ್ಲಗೆ ಏರುತ್ತ ಏರುತ್ತ ಕೀರಲಾಗುತ್ತದೆ. ಅದನ್ನು ಹಾಕಿ ಪೆಟ್ಟಿಗೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತೆ. ಸದ್ದು ಏರಿತು, ಏರಿತು, ಸಣ್ಣಗಾಯಿತು, ನಿಂತೇಹೋಯಿತು. ಸಿಕ್ಕಿಬಿದ್ದ ಕಳ್ಳ, ಟ್ವೀಟರೆಲ್ಲ ಸುಟ್ಟುಹೋಗಿವೆ, ಅಮ್ಜದ್ ಮೋಸ ಮಾಡಿದ ಎಂದು ಸ್ಕ್ರೂಡ್ರೈವರ್ ಕೈಗೆತ್ತಿಕೊಂಡೆ. ಆಗ ವೆಂಕಟಲಕ್ಷ್ಮಿ ಎರಡು ಕಿವಿಯನ್ನೂ ಅಂಗೈಯಿಂದ ಮುಚ್ಚಿಕೊಂಡು ಅಡುಗೆಮನೆಯಿಂದ ಓಡಿಬಂದಳು. ಅವಳ ಬಾಯಿ ಆಡುತ್ತಿತ್ತು. ನನಗೆ ಏನೂ ಕೇಳಿಸಲಿಲ್ಲ. ಅವಳೇ ಬಗ್ಗಿ ವೈರು ಕಿತ್ತಳು.

“ಅದು ಆಗ್ಲೇ ನಿಂತಿತ್ತಲ್ಲೇ” ಎಂದೆ.

ಅವಳು ನನ್ನ ಎದುರಿಗೆ ನೆಲದ ಮೇಲೆ ಕೂತು, ದೊಡ್ಡ ದನಿಯಲ್ಲಿ, ಒಂದೊಂದೇ ಮಾತನ್ನು ಬಿಡಿಸಿ ಹೇಳಿದಳು. “ನಿಂತಿರ್ಲಿಲ್ಲ ರೀ. ನಿಮ್ಗೆ ಕೇಳಿಸ್ತಿರ್ಲಿಲ್ಲ.”

“ಹಾಗಿದ್ರೆ ಮುಂಚೆನೇ ಹೇಳ್ಬಾರ್ದಾಗಿತ್ತಾ?”

“ಹೇಳ್ದೆ. ಎರಡು ವರ್ಷದಿಂದ ಹೇಳ್ತಾನೇ ಇದೀನಿ. ಕಿವಿ ತೋರ್ಸ್ಕೊಳ್ಳಿ ಅಂತ. ಹೇಳ್ದಾಗೆಲ್ಲ ಹೂಂ ಅಂತೀರಿ.”

ಗಂಡಂದಿರು ಹೂಂ ಎನ್ನುವುದು ಕೇಳಿಸಿಕೊಂಡಿದ್ದಕ್ಕಲ್ಲ ಎಂಬುದು ಎಲ್ಲ ಮನೆಯಲ್ಲೂ ಗೊತ್ತಿರುವ ವಿಚಾರ. ನನ್ನದು ಸ್ವಲ್ಪ ಹೆಚ್ಚಾಯಿತು, ಅಷ್ಟೆ. ನನ್ನ ಕ್ಲಾಸಿನ ಶಿಸ್ತು ನೆನಪಾಗಿ ಅವತ್ತು ಊಟ ಸೇರಲಿಲ್ಲ.

ಮುಂದಿನ ವಾರ ಅವಳಿಗೆ ಹೇಳದೆ ಕೋಲಾರಕ್ಕೆ ಹೋದೆ. ಈ ಸಲ ಕಿವಿ ಡಾಕ್ಟರ ಹತ್ತಿರ. ಗಾಜಿನ ಗೂಡಿನಲ್ಲಿ ಕೂರಿಸಿ ಸದ್ದು ಕೇಳಿಸಿದಾಗ ಕೈ ಎತ್ತಿ ಎಂದರು. ಕೈ ಎತ್ತುವ ಪ್ರಸಂಗ ಬಹಳ ಬರಲಿಲ್ಲ. ಅಲ್ಲಿದ್ದ ಹುಡುಗಿ ಅವರೆಕಾಳಿಗಿಂತ ಸ್ವಲ್ಪ ದೊಡ್ಡದಾದ ಯಂತ್ರವೊಂದನ್ನು ತೋರಿಸಿ, ಇದರೊಳಗೂ ಒಂದು ಸ್ಪೀಕರ್ ಇದೆ ಎಂದು ವಿವರಿಸಿದಳು. ಬೆಲೆ ಕೇಳಿ ನಾನು ಅಭ್ಯಾಸಬಲದಿಂದ, “ಸ್ವಲ್ಪ ಅಗ್ಗದ್ದು ಇಲ್ವೇನಮ್ಮ?” ಎಂದೆ. ಇದೆ, ಆದರೆ ಕೇಳುವುದು ನೀವಲ್ಲವೇ, ಒಂದು ವಾರ ಇದನ್ನೇ ಹಾಕಿ ನೋಡಿ ಎಂದು ಕೊಟ್ಟು ಕಳಿಸಿದಳು. ಬಸ್ಸಿನ ಹಾರನ್ ಸದ್ದು ತಾಳಲಾರದೆ ಅದನ್ನು ಜೇಬಿಗೆ ಹಾಕಿಕೊಂಡು ಬಂದು, ನಮ್ಮ ಗೇಟಿನ ಹತ್ತಿರ ಮತ್ತೆ ಕಿವಿಗೆ ಸಿಕ್ಕಿಸಿಕೊಂಡು, ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟೆ.

ಅಡುಗೆಮನೆಯಲ್ಲಿ ಯಾರೋ ಬಂದಿದ್ದಾರೆ ಎಂದುಕೊಂಡೆ. ಅಷ್ಟು ಮಾತು ಕೇಳಿಸುತ್ತಿತ್ತು. ಬಾಗಿಲಿನ ಮರೆಯಿಂದ ನೋಡಿದರೆ ಅವಳೊಬ್ಬಳೇ, ಒಲೆಯ ಮುಂದೆ, ತೆಲುಗಿನಲ್ಲಿ. ಅಣ್ಣನ ಮಗಳಿಗೆ ದೇವರಾಯಸಮುದ್ರದಿಂದ ಗಂಡು ನೋಡಿಕೊಂಡು ಹೋದ ಸುದ್ದಿ, ಯುಗಾದಿಯಿಂದ ಬಿಡದೆ ಕಾಡುತ್ತಿರುವ ಸೊಂಟ ನೋವು, ಬೆಳಗಿನ ಜಾವ ಕನಸಿನಲ್ಲಿ ಅವಳ ಅಮ್ಮ ಬಂದು ಜಡೆ ಹಾಕಿದ್ದು, ಎಲ್ಲವನ್ನೂ ಹಾಲಿನ ಪಾತ್ರೆಗೆ ಹೇಳುತ್ತಿದ್ದಳು. ನಡುವೆ ಏನೋ ನೆನೆಸಿಕೊಂಡು ನಕ್ಕಳು. ಅವಳ ನಗು ಅಷ್ಟು ಸಣ್ಣಗಿರುವುದನ್ನು ನಾನು ಮರೆತೇಬಿಟ್ಟಿದ್ದೆ. ಈ ಮನೆ ಶಾಂತವಾಗಿರಲೇ ಇಲ್ಲ. ಅವಳು ಮಾತು ನಿಲ್ಲಿಸಿರಲಿಲ್ಲ, ನನಗೆ ಹೇಳುವುದನ್ನು ಮಾತ್ರ ನಿಲ್ಲಿಸಿದ್ದಳು. ನನಗೆ ಅಳು ಬಂತು.

ನನ್ನ ನೆರಳು ಕಂಡಿರಬೇಕು, ಥಟ್ಟನೆ ಸುಮ್ಮನಾದಳು. ತಿರುಗಿ, ಎರಡು ವರ್ಷದ ರೂಢಿಯಂತೆ ಗಂಟಲು ಏರಿಸಿ, “ಏನ್ ಬೇಕ್ರೀ?” ಎಂದು ಕೂಗಿದಳು. ಹೊಸ ಯಂತ್ರದಲ್ಲಿ ಅದು ತಲೆಯೊಳಗೆ ಮೊಳೆ ಹೊಡೆದಂತಾಯಿತು. ಈಗ ಕೇಳಿಸುತ್ತಿದೆ, ಮೆಲ್ಲಗೆ ಹೇಳು ಎನ್ನಬೇಕಾಗಿತ್ತು. ಎಂದಿದ್ದರೆ, ಇಷ್ಟು ಹೊತ್ತೂ ಬಾಗಿಲಲ್ಲಿ ನಿಂತು ಕದ್ದು ಕೇಳಿದ್ದೂ ತಿಳಿಯುತ್ತಿತ್ತು. “ಕಾಫಿ” ಎಂದೆ. ಅವಳು ಮಾತಿಲ್ಲದೆ ಹಾಲನ್ನು ಪಕ್ಕಕ್ಕಿಳಿಸಿ ನೀರಿಟ್ಟಳು. ಆ ನೀರು ಕುದಿಯುವ ಸದ್ದು ಮಾತ್ರ ನನಗೆ ಬಹಳ ಚೆನ್ನಾಗಿ ಕೇಳಿಸಿತು.