ಎಂಟು ಇಟ್ಟಿಗೆ, ಒಂದೇ ತೂತು

ನನಗೆ ಹೆದರಿಕೆಯಾದಾಗೆಲ್ಲ ಬೇರೆಯವರಿಗೆ ನಗು ಬರುತ್ತದೆ. ಎಷ್ಟು ಹುಷಾರಾಗಿದ್ದರೂ ಹಾಗೇ ಆಗುತ್ತದೆ.

ಹೊನ್ನಾವರದ ಬಂದರದ ಹತ್ತಿರ ನನ್ನ ಮನೆ. ಮೀನುಬಲೆಗೆ ಕಟ್ಟುವ ಸೀಸದ ಗುಂಡು ಎರಕ ಹೊಯ್ಯುವುದು ಕೆಲಸ. ಓದಿದ್ದು ನಾಲ್ಕನೇ ಇಯತ್ತೆ. ಒಂದು ಕಣ್ಣು ಮುಚ್ಚಿ ಗುಂಡಿನಲ್ಲಿ ಹಗ್ಗ ಪೋಣಿಸುವ ತೂತು ಸರಿಯಿದೆಯೋ ನೋಡುತ್ತಿದ್ದವಳು ನನ್ನ ಹೆಂಡತಿ. ಹೋದ ಮಳೆಗಾಲದಲ್ಲಿ ತೀರಿಕೊಂಡಳು.

ಆಮೇಲೆ ಬಂದ ಮೊದಲ ದೊಡ್ಡ ಕೆಲಸ ಇದು. ಕುಮಟಾದ ಕಾಲೇಜಿನ ಮಾಸ್ತರೊಬ್ಬರು ತೂತಿರುವ ಎಂಟು ಸೀಸದ ಇಟ್ಟಿಗೆ ಕೇಳಿದರು. ದೂರದ ಊರಿನಲ್ಲಿ ಅಣುವಿನ ಪ್ರಯೋಗವಂತೆ. ಗಾಮಾ ಕಿರಣ ಎಲ್ಲ ಕಡೆ ಚೆದುರುತ್ತದೆ. ಸೀಸ ಅದನ್ನು ತಡೆಯುತ್ತದೆ. ತೂತಿನಲ್ಲಿ ಬಂದದ್ದಷ್ಟೇ ದಾರದ ಹಾಗೆ ಸಪೂರಾಗಿ ಮುಂದೆ ಹೋಗುತ್ತದೆ. ಇದಕ್ಕೆ ಕಾಲಿಮೇಟರ್ ಅನ್ನುತ್ತಾರೆ. ಎಂಟನ್ನೂ ಸಾಲಾಗಿ ಇಟ್ಟರೆ ತೂತು ಒಂದೇ ಆಗಬೇಕು.

"ಸೊಟ್ಟ ಆದರೆ?" ಅಂದೆ.

"ಅಲ್ಲಿಯ ಕಿರಣದ ಯಂತ್ರ ನಮಗೆ ಸಿಕ್ಕಿದ್ದು ಮೂರೇ ದಿನ. ಅಷ್ಟೂ ಹಾಳು. ನನ್ನ ಐದು ವರ್ಷದ ಕೆಲಸವೂ."

ಅವತ್ತು ನನಗೆ ಊಟ ಸೇರಲಿಲ್ಲ.

೧. ಹಗ್ಗದ ಚಿಂತೆ

ಎಂಟೂ ಹೊಯ್ದೆ. ತೂತಿನ ಬಾಯಿ ಚಂದಾಗಿ ಅಗಲ ಮಾಡಿ ನುಣ್ಣಗೆ ಉಜ್ಜಿದೆ. ಮಾಸ್ತರು ನೋಡಿದವರು ಕೂತುಬಿಟ್ಟರು.

"ಇದೆಂತ ಮಾಡಿದ್ರಿ?"

"ಅಂಚು ಚೂಪಿದ್ದರೆ ಹಗ್ಗ ಕೊಯ್ತದೆ."

"ಇದರಲ್ಲಿ ಹಗ್ಗ ಹಾಕೂದಿಲ್ಲ ಮಾರಾಯರೆ. ಕಿರಣ ಹೋಗೂದು."

ಎಂಟೂ ತಿರುಗಿ ಕರಗುವ ಪಾತ್ರೆಗೆ ಹೋದವು. ಎರಡನೇ ಸಲ ಹೊಯ್ಯುವಾಗ ಕೈಯನ್ನು ನಾನೇ ಬೈಯುತ್ತಿದ್ದೆ. ಮೂವತ್ತು ವರ್ಷ ಹಗ್ಗಕ್ಕೆ ಕೆಲಸ ಮಾಡಿದ ಕೈ. ಕಿರಣಕ್ಕೆ ಗೀರಾದರೆ ಎಂತ ಮಾಡೂದು ಅಂತ ಅದಕ್ಕೆ ಇನ್ನೂ ಚಿಂತೆ.

೨. ಭಾವನ ಕಣ್ಣು

ನನ್ನ ಎರಡೂ ಕಣ್ಣಿಗೆ ಪೊರೆ ಬಂದಿದೆ. ತೂತು ನೋಡುವವರು ಯಾರು? ಭಟ್ಕಳದಿಂದ ಹೆಂಡತಿಯ ಅಣ್ಣನನ್ನು ಕರೆಸಿದೆ. ಒಂದೇ ರಕ್ತ, ಅವಳಂಥ ಕಣ್ಣೇ ಇದ್ದೀತು ಅಂತ.

ಇಟ್ಟಿಗೆ ಸಾಲಾಗಿಟ್ಟೆ. ಆಚೆ ತುದಿಗೆ ಬಾಗಿಲ ಬೆಳಕು. ಅವನು ಬಗ್ಗಿದ.

"ಎಂತ ಕಾಣ್ತದೆ?"

"ಕತ್ತಲೆ."

ಇಟ್ಟಿಗೆ ಜರುಗಿಸಿದೆ. ಕತ್ತಲೆ. ಮತ್ತೆ ಜರುಗಿಸಿದೆ. ಕತ್ತಲೆ. ಮಧ್ಯಾಹ್ನವಾಯಿತು. ಆಮೇಲೆ ಅವನ ಮುಖ ನೋಡಿದೆ.

"ಭಾವ, ನೀನು ಎರಡೂ ಕಣ್ಣು ಮುಚ್ಚಿದ್ದೀಯ."

"ಒಂದೇ ಮುಚ್ಚಲಿಕ್ಕೆ ನಂಗೆ ಬರೂದಿಲ್ಲ ಭಾವ. ನಮ್ಮನೇಲಿ ಅದು ಬರ್ತಿದ್ದದ್ದು ತಂಗಿಗೊಬ್ಬಳಿಗೇ."

ಅವನ ಒಂದು ಕಣ್ಣಿಗೆ ನಾನು ಕೈ ಅಡ್ಡ ಹಿಡಿದೆ. "ಹಾಂ, ಬೆಳಕು. ದುಂಡಗೆ," ಅಂದ. ಬೆಳಗಿಂದ ಸರಿಯಾಗೇ ಇತ್ತೋ ಏನೋ.

೩. ಗೋಡೆಯ ಮೇಲಿನ ಸಾರು

ಮಾಸ್ತರು ಬಂದು ಒಯ್ಯಲು ಹತ್ತು ದಿನವಿತ್ತು. ಅವತ್ತೇ ಪಕ್ಕದ ಮನೆಯ ಅಕ್ಕನಿಗೆ ಕಿರಣದ ಸುದ್ದಿ ಹೋಯಿತು. ಹೆಂಡತಿ ಹೋದ ಮೇಲೆ ನನಗೆ ಮೀನುಸಾರು ತಂದುಕೊಡುವವಳು ಅವಳೇ. ಅವತ್ತು ಪಾತ್ರೆಯನ್ನು ನಮ್ಮಿಬ್ಬರ ಅಂಗಳದ ನಡುವಿನ ಗೋಡೆಯ ಮೇಲಿಟ್ಟು ದೂರ ನಿಂತಳು.

"ತಮ್ಮಾ, ಆ ಕಿರಣ ನಮ್ಮನೆಗೆ ಬರೂದಿಲ್ಲವಾ?"

"ಕಿರಣ ಇಲ್ಲಿ ಇಲ್ಲ ಅಕ್ಕಾ. ಇಲ್ಲಿರೂದು ಬರೀ ತೂತು."

"ತೂತಿಂದಲೇ ಅಲ್ಲವಾ ಅದು ಬರೂದು?"

ಗುಂಡು ಒರೆಸಲು ಹೆಂಡತಿ ಹರಿದಿಟ್ಟ ಹಳೆ ಸೀರೆಯ ಚೂರುಗಳಿದ್ದವು. ಎಂಟೂ ತೂತಿಗೆ ತುರುಕಿದೆ. ಅಕ್ಕ ಬಗ್ಗಿ ನೋಡಿ, "ಈಗ ಆತು," ಅಂದಳು. ಸಾರು ಒಳಗೆ ಬಂತು.

೪. ಫೋನು

ಮಾಸ್ತರು ಇಟ್ಟಿಗೆ ಒಯ್ದ ನಾಲ್ಕನೇ ದಿನ ಫೋನು.

"ತೂತಿಗೆ ಬೆಳಕು ಹಾಯಿಸಿ ಸಾಲು ನೋಡ್ತಾ ಇದ್ದೇವೆ. ಒಂದು ಚೂರೂ ದಾಟೂದಿಲ್ಲ. ನಾಳೆ ಯಂತ್ರ ಶುರು."

ನೆಲದಲ್ಲಿ ಕೂತೆ. ಐದು ವರ್ಷದ ಕೆಲಸ. ಅವಳಿಲ್ಲದೆ ನಾನು ಈ ಕೆಲಸ ಹಿಡಿಯಬಾರದಿತ್ತು. ಎದುರಿಗೆ, ಒಯ್ಯುವ ದಿನ ತೂತಿನಿಂದ ಕಿತ್ತ ಸೀರೆಯ ಚೂರುಗಳು ಬಿದ್ದಿದ್ದವು. ಎಣಿಸಿದೆ. ಏಳು.

"ಮಾಸ್ತರೆ, ಒಂದೊಂದಕ್ಕೂ ತಂತಿ ಹಾಕಿ ಚುಚ್ಚಿ."

ಫೋನಿನಲ್ಲಿ ತಂತಿ ಸೀಸಕ್ಕೆ ತಾಗುವ ಸದ್ದು ಕೇಳಿತು. ಆಮೇಲೆ, "ಎಂತದೋ ಹಸಿರು ಬಟ್ಟೆ ಬಂತು."

"ಬೆಳಕು?"

"ಬಂತು. ಸೀದಾ ಬಂತು."

"ಬಟ್ಟೆ ಎಸೀಬೇಡಿ. ಹೆಂಡತಿದು."

"ಆತು. ತರ್ತೇನೆ," ಅಂದರು. ಆಮೇಲೆ ನಕ್ಕರು. "ಬಟ್ಟೆ ಇದ್ದಿದ್ದರೂ ಕಿರಣಕ್ಕೆ ಎಂತ ಆಗ್ತಿರಲಿಲ್ಲ. ಅದು ಬಟ್ಟೆಗೆಲ್ಲ ನಿಲ್ಲೂದಿಲ್ಲ. ಬೆಳಕು ಮಾತ್ರ ನಿಂತಿತು."

ನನಗೆ ಅಷ್ಟು ದಿನದ ಮೇಲೆ ಹಸಿವಾಯಿತು. ಸಂತೋಷ ತಡೆಯದೆ ಅಕ್ಕನಿಗೆ ಎಲ್ಲ ಹೇಳಿಬಿಟ್ಟೆ. ಅವಳು ಯೋಚಿಸಿದಳು.

"ಅಂದರೆ ಬಟ್ಟೆ ತುರುಕಿದ್ದು ದಂಡ?"

"ದಂಡ."

"ನಾನು ಹತ್ತು ದಿನ ಒಳಗೆ ಬಂದು ಹೋದೆನಲ್ಲ ತಮ್ಮಾ."

ಇಟ್ಟಿಗೆಗಳು ಬೇರೆ ರಾಜ್ಯದಲ್ಲಿದ್ದವು. ಮಾರನೇ ದಿನ ಸಾರು ಮತ್ತೆ ಗೋಡೆಯ ಮೇಲಿತ್ತು.