ಟ್ಯಾಂಕಿನ ತುಕ್ಕು, ಟ್ರಂಕಿನ ತುಕ್ಕು

ನಮ್ಮ ಮನೆಯಲ್ಲಿ ತುಕ್ಕು ಎರಡು ಬಗೆ. ನನ್ನ ಮಗ ಹಚ್ಚಿದ್ದು ಕಲೆ, ತಾನಾಗಿ ಹಿಡಿದದ್ದು ಕೊಳೆ. ಮೊದಲನೆಯದಕ್ಕೆ ಗಾಜಿನ ಪೆಟ್ಟಿಗೆ, ಎರಡನೆಯದಕ್ಕೆ ಗುಜರಿ ಅಂಗಡಿ. ಈ ಭೇದ ಅರ್ಥವಾಗುವಷ್ಟು ಓದು ನನಗಿಲ್ಲ. ನಾನು ಅಕ್ಷರಕ್ಕೆ ಅಕ್ಷರ ಕೂಡಿಸಿ ಬೋರ್ಡು ಓದಿ ಮುಗಿಸುವ ಹೊತ್ತಿಗೆ ಬಸ್ಸು ಮುಂದಿನ ನಿಲ್ದಾಣದಲ್ಲಿರುತ್ತದೆ.

ಮಗ ಕಚೇರಿಯಲ್ಲಿ ಗುಮಾಸ್ತ. ಅವನ ತಲೆಯ ಮೇಲೆ ಕೂದಲು ಕಡಿಮೆಯಾದಷ್ಟೂ ಊಟದ ಮೇಜಿನ ಮೇಲೆ ಟ್ಯಾಂಕು ಹೆಚ್ಚುತ್ತಿವೆ. (ನೀರಿನ ಟ್ಯಾಂಕಲ್ಲ. ಅದು ಮಾಳಿಗೆಯ ಮೇಲೆ ಸೋರುತ್ತಿದೆ, ಅದನ್ನು ನೋಡಲು ಅವನಿಗೆ ಪುರುಸೊತ್ತಿಲ್ಲ.) ಯುದ್ಧದ ಟ್ಯಾಂಕು, ಅಂಗೈಯಗಲದ್ದು. ಮೈ ಪ್ಲಾಸ್ಟಿಕ್ಕಿನದು, ಫಿರಂಗಿಯ ನಳಿಗೆ, ಪಕ್ಕದ ತಗಡುಗಳು ನಿಜವಾದ ಲೋಹದವು. ಲೋಹಕ್ಕೆ ಬಣ್ಣ ಸುಮ್ಮನೆ ಹಿಡಿಯುವುದಿಲ್ಲವಂತೆ. ಮೊದಲು ಸೋಪಿನ ನೀರಿನಲ್ಲಿ ತೊಳೆದು ಬೆರಳಿನ ಜಿಡ್ಡು ಕೂಡ ಹೋಗುವಂತೆ ಮಾಡಬೇಕು. ಆಮೇಲೆ ಉಪ್ಪುಕಾಗದದಿಂದ ಹದವಾಗಿ ಉಜ್ಜಬೇಕು. ಆಮೇಲೆ ಪ್ರೈಮರ್, ಅಂದರೆ ಬಣ್ಣಕ್ಕೆ ಮುಂಚೆ ಹಾಕುವ ಬೂದಿ ಬಣ್ಣದ ಅಸ್ತರು. ಸ್ಪ್ರೇ ಡಬ್ಬಿಯನ್ನು ಒಂದು ಗೇಣು ದೂರ ಹಿಡಿದು ತೆಳ್ಳಗೆ ಹೊಡೆಯಬೇಕು. ಆರಿದ ಮೇಲೆ ಮತ್ತೊಮ್ಮೆ. ಅವಸರ ಮಾಡಿದರೆ ಬಣ್ಣ ಕಣ್ಣೀರಿನ ಹಾಗೆ ಇಳಿಯುತ್ತದೆ. ಇದನ್ನೆಲ್ಲ ನನಗೆ ಯಾರೂ ಹೇಳಿಕೊಡಲಿಲ್ಲ. ಊಟದ ಮೇಜು ತೆರವಾಗಲಿ ಎಂದು ತಟ್ಟೆ ಹಿಡಿದು ಕಾಯುತ್ತ ಕಲಿತದ್ದು.

ಇಷ್ಟೆಲ್ಲ ನಯ ಮಾಡಿದ ಮೇಲೆ ಅದನ್ನು ಒರಟು ಮಾಡುವುದೇ ಅವನ ಘನಕಾರ್ಯ. ಸಂದು ತುಂಬುವ ಪುಟ್ಟಿಯನ್ನು ತೆಳ್ಳಗೆ ಕಲಸಿ, ಬಿರುಸು ಬ್ರಷ್ಷಿನಿಂದ ಕುಟ್ಟಿ ಕುಟ್ಟಿ ಟ್ಯಾಂಕಿನ ತಲೆಗೆ ಮೊಡವೆ ಬರಿಸುತ್ತಾನೆ.

"ಲೋ, ನನ್ನ ಹಲ್ಲುಜ್ಜೋ ಬ್ರಷ್ ಎಲ್ಲೋ?"

"ಅಮ್ಮ, ಎರಕದ ಉಕ್ಕಿನ ಮೈ ಅದ್ರಲ್ಲೇ ಬರೋದು. ನಿಂಗಿರೋ ನಾಲ್ಕು ಹಲ್ಲಿಗೆ ಬೆರಳು ಸಾಕು."

ಹೀಗೆ ನನ್ನ ಬ್ರಷ್ಷು ಸೈನ್ಯಕ್ಕೆ ಸೇರಿತು. ಹಿಂದೆಯೇ ಪಾತ್ರೆ ತೊಳೆಯುವ ಸ್ಪಂಜೂ ಹೋಯಿತು, ತುಕ್ಕಿನ ಬಣ್ಣ ಒತ್ತಲು. ಆಮೇಲೆ ಅಡುಗೆಯ ಉಪ್ಪು. ತುಕ್ಕಿನ ಬಣ್ಣದ ಮೇಲೆ ಉಪ್ಪು ಉದುರಿಸಿ, ಅದರ ಮೇಲೆ ಹಸಿರು ಬಳಿದು, ಆರಿದ ಮೇಲೆ ಉಜ್ಜಿದರೆ ಉಪ್ಪಿನ ಜೊತೆ ಹಸಿರೂ ಎದ್ದು ಒಳಗಿನ ತುಕ್ಕು ಇಣುಕುತ್ತದೆ. ಆ ದಿನದ ಸಾರು ಸಪ್ಪೆ ಎಂದು ಅವನೇ ಮುಖ ಸಿಂಡರಿಸಿದ. "ಉಪ್ಪು ಟ್ಯಾಂಕಲ್ಲಿದೆ, ನೆಂಚ್ಕೊಳ್ಳಿ" ಅಂದಳು ಸೊಸೆ.

ಸೊಸೆ ಆಸ್ಪತ್ರೆಯಲ್ಲಿ ನರ್ಸ್. ಅವಳಿಗೂ ನನ್ನ ಕಬ್ಬಿಣದ ಟ್ರಂಕಿಗೂ ಆಗಿಬರದು. ಆ ಟ್ರಂಕು ನನ್ನ ಜೊತೆಯೇ ಈ ಮನೆಗೆ ಬಂದದ್ದು. ಬಟ್ಟೆ ತುಂಬಿ ಉಬ್ಬಿದಾಗ ನನ್ನ ಯಜಮಾನರು ಮುಚ್ಚಳದ ಮೇಲೆ ಕುಳಿತುಕೊಳ್ಳುತ್ತಿದ್ದರು, ನಾನು ಬೀಗ ಹಾಕುತ್ತಿದ್ದೆ. ಅವರು ಹೋದ ಮೇಲೆ ಅದಕ್ಕೆ ಬೀಗ ಬಿದ್ದಿಲ್ಲ. ನನ್ನ ತೂಕ ಸಾಲದು. ಮೈತುಂಬ ತುಕ್ಕು ಹಿಡಿದಿದೆ, ನಿಜ. ನನಗೂ ಮಂಡಿ ಹಿಡಿದಿದೆ.

"ಅತ್ತೆ, ನೋಡಿಲ್ಲಿ. ಡ್ಯೂಟಿಗೆ ಹಾಕ್ಕೊಳ್ಳೋ ಬಿಳಿ ಕೋಟು. ನಿಮ್ಮ ಟ್ರಂಕಿಗೆ ತಾಗಿ ಕೆಂಪಗಾಗಿದೆ. ರೋಗಿಗಳು ರಕ್ತ ಅಂದ್ಕೊಳ್ತಾರೆ."

"ಆಸ್ಪತ್ರೆ ತಾನೆ, ಯಾರೂ ಗಾಬರಿ ಬೀಳಲ್ಲ ಬಿಡಮ್ಮ."

"ಭಾನುವಾರ ಗುಜರಿಯವನನ್ನ ಬರೋಕೆ ಹೇಳಿದೀನಿ."

"ನಿನ್ನ ಗಂಡನ ಟ್ಯಾಂಕಿಗೂ ತುಕ್ಕಿದೆಯಲ್ಲ, ಜೊತೆಗೆ ಅದನ್ನೂ ಸಾಗಿಸು."

"ಅದು ಬಟ್ಟೆಗೆ ಹತ್ತಲ್ಲ ಅತ್ತೆ."

ನ್ಯಾಯವಾದ ಮಾತು. ನಾನು ಮಗನ ಮುಖ ನೋಡಿದೆ. "ಇಬ್ರು ಹೇಳೋದೂ ಸರಿ" ಎಂದು ಅವನು ಫಿರಂಗಿಯ ನಳಿಗೆಯೊಳಗೆ ಕಣ್ಣಿಟ್ಟುಕೊಂಡು ಕುಳಿತ. (ಮನೆತುಂಬ ಯುದ್ಧದ ಟ್ಯಾಂಕು, ಅತ್ತೆ ಸೊಸೆಯ ನಡುವೆ ಮಾತ್ರ ಬಿಳಿ ಬಾವುಟ.)

ಆದರೆ ಸೊಸೆಯ ಮಾತಿನಲ್ಲೇ ನನಗೆ ದಾರಿ ಹೊಳೆಯಿತು. ಬಟ್ಟೆಗೆ ಹತ್ತದಂತೆ ಮಾಡಿದರೆ ಟ್ರಂಕು ಉಳಿಯುತ್ತದೆ. ಮಾರನೆಯ ದಿನ ಇಬ್ಬರೂ ಕೆಲಸಕ್ಕೆ ಹೋದ ಮೇಲೆ ಕಿಟಕಿ ತೆರೆದೆ. ಮುಚ್ಚಳದ ಸಂದಿಗೆ ಅಂಟುಪಟ್ಟಿ ಹಾಕಿದೆ, ಒಳಗಿನ ಬಟ್ಟೆಗೆ ಬಣ್ಣ ಸಿಡಿಯದಿರಲಿ ಎಂದು. ಸೋಪಿನಿಂದ ತೊಳೆದೆ, ಒರೆಸಿದೆ, ಆರಲು ಬಿಟ್ಟೆ. ಮಗನ ಉಪ್ಪುಕಾಗದ ಸವೆದು ಬರೀ ಕಾಗದವಾಗುವವರೆಗೆ ಉಜ್ಜಿ ತುಕ್ಕು ತೆಗೆದೆ. ಚಿಲಕದ ಹಿಂದೆ ಹೆಬ್ಬೆರಳಗಲದ ಜಾಗಕ್ಕೆ ಮಾತ್ರ ಕೈ ಹೋಗಲಿಲ್ಲ. ತುಕ್ಕಿನ ಮೇಲೆ ಪ್ರೈಮರ್ ನಿಲ್ಲುವುದಿಲ್ಲ ಎಂದು ಮಗ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದುದು ನೆನಪಿತ್ತು. ಅಷ್ಟು ಜಾಗಕ್ಕೆ ಪಟ್ಟಿ ಅಂಟಿಸಿ ಬಿಟ್ಟುಬಿಟ್ಟೆ. ಆಮೇಲೆ ಅವನ ಡಬ್ಬಿ ತೆಗೆದು, ಒಂದು ಗೇಣು ದೂರದಿಂದ, ತೆಳ್ಳಗೆ ಹೊಡೆದೆ. ಆರಿದ ಮೇಲೆ ಮತ್ತೆ ಹೊಡೆದೆ. ಎಲ್ಲೂ ಒಂದು ಹನಿ ಇಳಿಯಲಿಲ್ಲ. ಸಂಜೆಗೆ ಪಟ್ಟಿಗಳನ್ನು ಕಿತ್ತಾಗ ಟ್ರಂಕು ಮೋಡದ ತುಂಡಿನ ಹಾಗೆ ಕುಳಿತಿತ್ತು. ಮೇಲೆ ಹಳೆಯ ಚಾದರ ಹೊದಿಸಿ ಕಾದೆ.

ಮಗ ಸೊಸೆ ಜೊತೆಯಲ್ಲೇ ಬಂದರು. ಇಬ್ಬರ ಮುಖದಲ್ಲೂ ನಗು.

"ಅಮ್ಮ, ನಿನ್ನ ಟ್ರಂಕು ಎಲ್ಲೂ ಹೋಗಲ್ಲ. ನಮ್ಮ ಭೂತಗನ್ನಡಿ ಸಾಹೇಬ್ರು ಭಾನುವಾರ ಅದನ್ನ ನೋಡೋಕೇ ಬರ್ತಾರೆ."

ಈ ಸಾಹೇಬರು ಟ್ಯಾಂಕು ಮಾಡುವವರ ಸಂಘದ ಅಧ್ಯಕ್ಷರು. ಕೊರಳಲ್ಲಿ ಸದಾ ಭೂತಗನ್ನಡಿ ತೂಗುವುದರಿಂದ ಆ ಬಿರುದು. ಪ್ರದರ್ಶನಕ್ಕೆ ಯಾವ ಟ್ಯಾಂಕು ಹೋಗಬೇಕೆಂದು ತೀರ್ಮಾನಿಸುವವರು ಅವರೇ. ಮಗನ ಟ್ಯಾಂಕು ನೋಡಿ, ಇಂಥ ತುಕ್ಕು ಲೋಕದಲ್ಲಿಲ್ಲ, ಇದು ಕಲ್ಪನೆ, ಎಂದುಬಿಟ್ಟರಂತೆ.

"ನಾನು ಕಲ್ಪನೆ ಅಲ್ಲ ಸಾರ್, ನಮ್ಮಮ್ಮನ ಟ್ರಂಕು ಮುಂದಿಟ್ಕೊಂಡು ನೋಡಿ ಮಾಡಿದ್ದು ಅಂದೆ. ಹಾಗಾದ್ರೆ ತೋರ್ಸಿ ಅಂದ್ರು. ಅವರು ಒಪ್ಪಿದ್ರೆ ಟ್ಯಾಂಕು ಪ್ರದರ್ಶನಕ್ಕೆ."

"ಗುಜರಿಯವನಿಗೂ ಬರಬೇಡ ಅಂದೆ ಅತ್ತೆ" ಎಂದು ಸೊಸೆ ಉದಾರವಾಗಿ ಚಾದರ ಎತ್ತಿದಳು.

ಮಗ ಟ್ರಂಕನ್ನು ಒಂದು ಸುತ್ತು ಬಂದ.

"ಇದೇನಮ್ಮ?"

"ಪ್ರೈಮರ್."

"ಅದು ಕಾಣ್ತಿದೆ." ಮಗ ಬಗ್ಗಿ ಮುಚ್ಚಳದ ಮೇಲೆ ಕೈಯಾಡಿಸಿದ. "ಒಂದು ಕಡೆನೂ ಇಳಿದಿಲ್ಲವಲ್ಲ."

"ಒಂದು ಗೇಣು ದೂರದಿಂದ ಹೊಡೆದೆ ಕಣೋ."

ಅವನು ನೆಲದ ಮೇಲೆ ಕುಳಿತುಬಿಟ್ಟ. ಸೊಸೆ ಅಡುಗೆಮನೆಗೆ ಓಡಿದಳು. ಅಳಲು ಅಲ್ಲ, ನಗಲು. ಅದು ಹಜಾರದವರೆಗೂ ಕೇಳಿಸುತ್ತಿತ್ತು.

ಮುಂದೆ ನಡೆದದ್ದು ಪ್ರಪಂಚದಲ್ಲಿ ಬೇರೆಲ್ಲೂ ನಡೆದಿರಲಾರದು. ಟ್ರಂಕನ್ನು ನೋಡಿ ಟ್ಯಾಂಕು ಮಾಡಿದವನು, ಈಗ ಟ್ಯಾಂಕನ್ನು ಎದುರಿಗಿಟ್ಟುಕೊಂಡು ಟ್ರಂಕು ಮಾಡತೊಡಗಿದ. ಕಚೇರಿಗೆ ರಜೆ ಹಾಕಿದ. ಪುಟ್ಟಿ ಕುಟ್ಟಿದ, ಸ್ಪಂಜು ಒತ್ತಿದ, ಉಪ್ಪಿನ ಡಬ್ಬಿಯನ್ನೇ ಬೋರಲು ಹಾಕಿದ. ನಾನು ಒಂದು ಸಲ ಮುಚ್ಚಳ ತೆಗೆಯಲು ಹೋದೆ, ಉಡಲು ಬಟ್ಟೆ ಬೇಕಿತ್ತು.

"ಮುಟ್ಬೇಡಮ್ಮ. ತೆಗೆದ್ರೆ ಅಂಚಿನ ತುಕ್ಕು ಉದುರುತ್ತೆ."

"ನಾನೇನು ಉಟ್ಕೊಳ್ಳಲಿ?"

ಸೊಸೆ ತನ್ನದೊಂದು ಗೌನು ಕೊಟ್ಟಳು. ಹಳದಿ ಬಣ್ಣದ್ದು, ಮೈತುಂಬ ಸೂರ್ಯಕಾಂತಿ. ಕನ್ನಡಿಯಲ್ಲಿ ನೋಡಿಕೊಂಡರೆ ಯಾರೋ ಹೂವಿನ ಕುಂಡದಲ್ಲಿ ಒಣಗಿದ ಕಡ್ಡಿ ನೆಟ್ಟಂತಿತ್ತು.

ಭಾನುವಾರ ಭೂತಗನ್ನಡಿ ಸಾಹೇಬರು ಚಿತ್ತೈಸಿದರು. ಟ್ರಂಕಿನ ಮುಂದೆ ಮಂಡಿಯೂರಿ ಮುಚ್ಚಳದ ಈ ತುದಿಯಿಂದ ಆ ತುದಿಗೆ ಗಾಜು ಹರಿಸಿದರು. ಮಗ ಉಸಿರು ಬಿಗಿಹಿಡಿದಿದ್ದ. ಈ ಟ್ಯಾಂಕಿಗಾಗಿ ಅವನು ಬಿಟ್ಟ ನಿದ್ದೆ ನನಗೆ ಗೊತ್ತು; ಅದಕ್ಕೇ ನಾನೂ ಬಿಗಿಹಿಡಿದೆ.

"ಆಹಾ. ಇದು ಕಾಲ ಮಾಡಿರೋ ಕೆಲಸ ಕಣ್ರೀ. ಮನುಷ್ಯರ ಕೈಲಿ ಆಗೋದಲ್ಲ."

ಮಗ ಉಸಿರು ಬಿಟ್ಟ. ನಾನು ಬಿಡುವಷ್ಟರಲ್ಲಿ ಸಾಹೇಬರು ಚಿಲಕದ ಹತ್ತಿರ ಬಗ್ಗಿದರು.

"ಇದೇನಿದು? ಇಲ್ಲಿ ಯಾರೋ ಬಣ್ಣ ಬಳಿದಿದ್ದಾರೆ. ಶುದ್ಧ ನಕಲಿ."

ಚಿಲಕದ ಹಿಂದೆ. ಹೆಬ್ಬೆರಳಗಲ. ಇಡೀ ಟ್ರಂಕಿನಲ್ಲಿ ಉಳಿದಿದ್ದ ಒಂದೇ ಒಂದು ನಿಜವಾದ ತುಕ್ಕು.

ನಾನು ಬಾಯಿ ತೆರೆದೆ. ಮಗ ನನ್ನ ಕಡೆ ನೋಡಿದ; ಚಿಕ್ಕವನಿದ್ದಾಗ ಲೋಟ ಒಡೆದು ನೋಡುತ್ತಿದ್ದನಲ್ಲ, ಅದೇ ನೋಟ. ಬಾಯಿ ಮುಚ್ಚಿಕೊಂಡೆ.

"ಅದು... ಅದು ನಮ್ಮಮ್ಮನ ಕೆಲಸ ಸಾರ್. ವಯಸ್ಸಾಗಿದೆ, ಹೊತ್ತು ಹೋಗಬೇಕಲ್ಲ."

ಸಾಹೇಬರು ನನ್ನ ಸೂರ್ಯಕಾಂತಿಗಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅವರಿಗೆ ಎಲ್ಲವೂ ಅರ್ಥವಾದಂತೆ ಕಂಡಿತು.

"ತಾಯಿ, ಬೇಜಾರು ಮಾಡ್ಕೋಬೇಡಿ. ನಿಜವಾದ ತುಕ್ಕು ಇಷ್ಟು ಕೆಂಪಗಿರಲ್ಲ. ಮುಚ್ಚಳ ನೋಡಿ, ನೋಡಿ ಕಲೀರಿ" ಎಂದು ಉಗುರಿನಿಂದ ಅದನ್ನು ಕೆರೆದು ಹಾಕಿ, ಉದುರಿದ ಪುಡಿ ಒರೆಸಲು ನನ್ನ ಕೈಗೇ ಒದ್ದೆ ಬಟ್ಟೆ ಕೊಟ್ಟರು. ಒರೆಸಿದೆ.

ಟ್ಯಾಂಕು ಪ್ರದರ್ಶನಕ್ಕೆ ಹೋಗುತ್ತದೆ. ಸಾಹೇಬರ ಅಪ್ಪಣೆಯಂತೆ ಪಕ್ಕದಲ್ಲಿ ಟ್ರಂಕೂ ಇರುತ್ತದೆ, ಮುಟ್ಟಬಾರದು ಎಂಬ ಬೋರ್ಡಿನ ಸಮೇತ. ಅಲ್ಲಿಯವರೆಗೆ ಹಜಾರದ ನಟ್ಟನಡುವೆ ಅದರ ಠಿಕಾಣಿ. ಕೆರೆದ ಜಾಗಕ್ಕೆ ಮಗ ಹೊಸ ತುಕ್ಕು ಹಚ್ಚಿದ್ದಾನೆ.

"ನೋಡಿ ಅತ್ತೆ, ನೀವು ಕೇಳಿದ್ದೂ ಅಷ್ಟೇ ತಾನೆ. ಟ್ರಂಕು ಉಳೀತು, ಬಟ್ಟೆಗೂ ಹತ್ತಲ್ಲ" ಅಂದಳು ಸೊಸೆ.

ಹೌದು, ಹತ್ತುವುದಿಲ್ಲ. ಬಟ್ಟೆಯೆಲ್ಲ ಅದರೊಳಗೇ ಇದೆ. ಇವತ್ತು ಸೂರ್ಯಕಾಂತಿಯನ್ನು ಒಗೆದು ಹಾಕಿದ್ದೇನೆ. ಸೊಸೆ ಇನ್ನೊಂದು ಗೌನು ಕೊಟ್ಟಿದ್ದಾಳೆ. ಇದರ ಮೇಲೆ ಬಾತುಕೋಳಿಗಳಿವೆ.