ಮಾವನ ಭೂಕಂಪದ ಓದು

ನಮ್ಮ ಸೋದರಮಾವನಿಗೆ ಈಜು ಬರುತ್ತದೆ. ನೀರಿನಲ್ಲಿ ಮಾತ್ರ ಬರುವುದಿಲ್ಲ. ಕಾಸಾರಶಿರಸಿಯ ತಮ್ಮ ಕಿರಾಣಿ ಅಂಗಡಿಯಲ್ಲಿ, ಜೋಳದ ಚೀಲದ ಮೇಲೆ ಬೋರಲು ಮಲಗಿ, ಎದುರಿಗೆ ಮರಾಠಿ ಪುಸ್ತಕ ತೆರೆದಿಟ್ಟುಕೊಂಡು ಅವರು ಅದನ್ನು ಕಲಿತರು. ಗಿರಾಕಿ ಬಂದರೆ ಮಲಗಿದಲ್ಲಿಂದಲೇ ಸಕ್ಕರೆ ತೂಗುತ್ತಿದ್ದರು; ಕಾಲು ಬಡಿಯುವುದು ನಿಲ್ಲುತ್ತಿರಲಿಲ್ಲ. ಪರೀಕ್ಷೆ ನಡೆದದ್ದು ಮಾಕಣಿಯ ಅಣೆಕಟ್ಟಿನ ನೀರಿನಲ್ಲಿ. ಮೇಲೆತ್ತಿದವರಿಗೆ ಮಾವ ವಿವರಿಸಿದರು: ಉಸಿರಾಟದ ಅಧ್ಯಾಯಕ್ಕೆ ತಾವಿನ್ನೂ ಬಂದಿರಲಿಲ್ಲವಂತೆ!

ಕಲಿಯುವುದನ್ನು ಬಿಟ್ಟ ದಿನವೇ ಮುಪ್ಪು ಶುರು ಎಂಬುದು ಅವರ ಸಿದ್ಧಾಂತ. ಹೀಗೆ ಹೋಮಿಯೋಪತಿ, ಜೇನುಸಾಕಣೆ, ಹಾರ್ಮೋನಿಯಂ ಎಲ್ಲವೂ ಬಂದು ಹೋದವು. ಹಾರ್ಮೋನಿಯಂ ಹೋದದ್ದು ನೆರೆಯವರ ಪುಣ್ಯ.

ಆ ಸೀಮೆಯನ್ನೇ ನಡುಗಿಸಿದ ಭೂಕಂಪದ ನಂತರ ಅವರ ಓದು ಒಂದೇ ವಿಷಯಕ್ಕೆ ಅಂಟಿತು. ಆ ನಸುಕಿನಲ್ಲಿ ಮಾವನ ಮನೆ ಬಿರುಕು ಬಿಟ್ಟು ಉಳಿಯಿತು. ಅತ್ತೆಯ ತವರು ಉಳಿಯಲಿಲ್ಲ. ಅಂದಿನಿಂದ ಅತ್ತೆ ಹೊಸ್ತಿಲು ದಾಟಿ ಒಳಗೆ ಬರಲಿಲ್ಲ. ಅಂಗಳದ ತಗಡಿನ ಶೆಡ್ಡಿನಲ್ಲೇ ಅಡುಗೆ, ಊಟ, ನಿದ್ದೆ. ಬಿರುಕು ಮುಚ್ಚಿಸಿ, ಮನೆ ಗಟ್ಟಿಯಿದೆ ಎಂದು ತೋರಿಸಲು ಮಾವ ಒಬ್ಬರೇ ಒಳಗೆ ಮಲಗುತ್ತಿದ್ದರು. ಎರಡು ಮಳೆಗಾಲ ಹಾಗೇ ಕಳೆದವು. ಆಕೆಯನ್ನು ಒಳಗೆ ಕರೆತರಲೆಂದೇ ಉದಗೀರದಿಂದ ಭೂಗರ್ಭಶಾಸ್ತ್ರದ ದಪ್ಪ ಪುಸ್ತಕ ತಂದರು.

ಓದಿದಷ್ಟೂ ಕಂಡವರ ಗೋಡೆ ತಟ್ಟತೊಡಗಿದರು. ನನ್ನ ಅಣ್ಣನಿಗೆ ಹೆಣ್ಣು ನೋಡಲು ನಿಲಂಗಾಕ್ಕೆ ಹೋದಾಗ, ಆ ಮನೆಯ ಗೋಡೆಗೆ ಕಿವಿಯಿಟ್ಟು ಕುಳಿತುಬಿಟ್ಟರು. ಹೊರಗೆ ಬಂದ ಮೇಲೆ, ಹುಡುಗಿ ಹೇಗೆ ಎಂದು ಕೇಳಿದರೆ ಬಂದ ಉತ್ತರ: "ಬಡಗಣ ಮೂಲಿ ಕಚ್ಚಾ ಅದ."

ಕೊನೆಗೆ ಬೆಲ್ಲದ ತುಂಡು ಜೋಡಿಸಿ, ಮೂಲೆಮೂಲೆಗೆ ಕಡ್ಡಿ ಚುಚ್ಚಿ, ಮೊರದ ಮೇಲೆ ಪುಟ್ಟ ಮನೆ ಕಟ್ಟಿದರು. ಅತ್ತೆಯ ಮುಂದೆ ಮೊರ ಅಲುಗಾಡಿಸಿದರು. ಮನೆ ಬೀಳಲಿಲ್ಲ. ಗೆದ್ದವರಂತೆ ಅಂಗಡಿಗೆ ಹೋದರು. ಸಂಜೆ ಮರಳುವಷ್ಟರಲ್ಲಿ ಇರುವೆಗಳು ಒಂದು ಗೋಡೆ ಮುಗಿಸಿದ್ದವು.

"ನೋಡ್ರಿ," ಅಂದಳು ಅತ್ತೆ, "ಭೂಮಿನೇ ಅಲುಗಾಡಬೇಕಂತೇನಿಲ್ಲ."

ಮಾವ ನಗಲಿಲ್ಲ. ಶೆಡ್ಡಿನ ಕಂಬಕ್ಕೆ ಒರಗಿ ಕುಳಿತರು. ಅತ್ತೆ ದನಿ ತಗ್ಗಿಸಿ ಕೇಳಿದಳು: "ಖರೇ ಹೇಳ್ರಿ. ಮತ್ತ ಬರತದೇನು?"

ಏನು ಕೇಳಿದರೂ ಅಧ್ಯಾಯ ಹೇಳುವ ಮನುಷ್ಯ ಈ ಸಲ ಯಾವ ಅಧ್ಯಾಯವನ್ನೂ ಹೇಳಲಿಲ್ಲ.

"ಗೊತ್ತಿಲ್ಲ. ಪುಸ್ತಕ ಬರೆದಾಂವಗೂ ಗೊತ್ತಿಲ್ಲ. ನನಗೂ ಅಂಜಿಕಿ ಬರತದ. ಅದಕ್ಕೇ ಓದತೀನಿ."

ಅತ್ತೆ ಅವರನ್ನೇ ನೋಡಿದಳು.

"ಇಷ್ಟ ದಿವಸ ಒಳಗ ಒಬ್ಬರೇ ಅಂಜಕೋತ ಮಲಗೀರೇನು?"

ಎದ್ದು ತನ್ನ ಹಾಸಿಗೆ ಸುತ್ತಿ ಕಂಕುಳಲ್ಲಿಟ್ಟುಕೊಂಡಳು. ಹೊಸ್ತಿಲಲ್ಲಿ ಒಂದು ಕ್ಷಣ ನಿಂತಳು, ಅಷ್ಟೇ; ಆಮೇಲೆ ಒಳಗೆ ಕಾಲಿಟ್ಟಳು.